ಹೊಸ ಲ್ಯಾಪ್‌ಟಾಪ್‌ನ ಒಳಗಿನ ಕ್ಯಾಮರಾ ಲಿನಕ್ಸ್‌ನಲ್ಲಿ ಬರೀ ಕಪ್ಪು. ತಮ್ಮನ ಜೊತೆ ಸನ್ನೆಯಲ್ಲಿ ಮಾತಾಡಬೇಕು, ದಾರಿ ಹೇಳಿ

ಹನುಮಂತನಗರ_ಅಕ್ಕ
ಶನಿವಾರ, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದಾನೆ. ಅಮ್ಮ ಮತ್ತು ನಾನು ಬೆಂಗಳೂರಿನಲ್ಲಿ. ಅವನ ಜೊತೆ ನಾವು ಮಾತಾಡುವುದು ಸನ್ನೆ ಭಾಷೆಯಲ್ಲಿ, ವಿಡಿಯೊ ಕಾಲ್ ಮಾಡಿ. ಬೇರೆಯವರ ಮನೆಯಲ್ಲಿ ಕ್ಯಾಮರಾ ಕೈಕೊಟ್ಟರೆ ಮುಖ ಕಾಣಿಸಲ್ಲ ಅಷ್ಟೇ, ಮಾತು ನಡೆಯುತ್ತದೆ. ನಮಗೆ ಕ್ಯಾಮರಾ ಇಲ್ಲದಿದ್ದರೆ ಮಾತೇ ಇಲ್ಲ.

ಫೋನಿನಲ್ಲಿ ಮಾಡುತ್ತಿದ್ದೇವೆ. ಆದರೆ ಒಂದು ಕೈಯಲ್ಲಿ ಫೋನ್ ಹಿಡಿದರೆ ಸನ್ನೆಗೆ ಉಳಿಯುವುದು ಒಂದೇ ಕೈ. ಸಕ್ಕರೆ ಡಬ್ಬಕ್ಕೆ ಒರಗಿಸಿದರೆ ಜಾರುತ್ತದೆ. ಅಮ್ಮನಿಗೆ 68 ವರ್ಷ. ಚಿಕ್ಕ ಪರದೆಯಲ್ಲಿ ಅವನ ಬೆರಳು ಸರಿಯಾಗಿ ಕಾಣಿಸುವುದಿಲ್ಲ.

ಅದಕ್ಕೇ ಹೋದ ತಿಂಗಳು ಹೊಸ ಲ್ಯಾಪ್‌ಟಾಪ್ ತಗೊಂಡೆ. ಕಂಪನಿ ಹೆಸರು ಬೇಡ. ಉಬುಂಟು 24.04 ಅನ್ನೋ ಲಿನಕ್ಸ್ ಹಾಕಿದ್ದೇನೆ. ವೈಫೈ, ಸ್ಪೀಕರ್, ಟಚ್‌ಪ್ಯಾಡ್ ಎಲ್ಲ ಮೊದಲ ದಿನವೇ ಸರಿ ಇತ್ತು. ಕ್ಯಾಮರಾ ಮಾತ್ರ ಇಲ್ಲ. ಬ್ರೌಸರ್‌ನಲ್ಲಿ ಕ್ಯಾಮರಾ ಪಟ್ಟಿ ತೆರೆದರೆ 'ಐಪಿಯು6' ಅನ್ನೋ ಒಂದೇ ಹೆಸರು ಉದ್ದಕ್ಕೂ ಬರುತ್ತದೆ, ಮೂವತ್ತು ಸಲ ಇರಬಹುದು. ಯಾವುದನ್ನು ಒತ್ತಿದರೂ ಕಪ್ಪು ಪರದೆ.

ಇನ್ನೊಂದು ಹಳೆಯದಿದೆ, ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅದರಲ್ಲಿ ಚಿತ್ರ ಬರುತ್ತದೆ. ಆದರೆ ಕೈ ಆಡಿಸಿದರೆ ಚಿತ್ರ ತುಂಡು ತುಂಡು. ನಡುವಿನ ಸನ್ನೆ ಹಾರಿಹೋಗುತ್ತದೆ. 'ಏನಂದೆ, ಇನ್ನೊಮ್ಮೆ' ಅಂತ ತಮ್ಮ ಪ್ರತಿ ಸಲ ಕೇಳುತ್ತಾನೆ. ಎರಡರಲ್ಲಿ ಒಂದಾದರೂ ಸರಿ ಮಾಡಿಕೊಡಿ.

ವಿಜಯನಗರ_ಟರ್ಮಿನಲ್
ಶನಿವಾರ, ಬೆಳಿಗ್ಗೆ 8:45

ನಮಸ್ಕಾರ ಅಕ್ಕ. ನಿಮ್ಮ ಎರಡು ಲ್ಯಾಪ್‌ಟಾಪ್‌ನದ್ದೂ ಬೇರೆ ಬೇರೆ ಕಾಯಿಲೆ. ಮೊದಲು ಹೊಸದು. ಟರ್ಮಿನಲ್ ತೆರೆದು ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಡಿ, ಯುಎಸ್‌ಬಿಗೆ ಸೇರಿದ ಸಾಧನಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಕ್ಯಾಮರಾ ಅನ್ನೋ ಹೆಸರು ಇದೆಯಾ ನೋಡಿ. ಆಮೇಲೆ ಡಿಮೆಸೇಜ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ಸಂದೇಶಗಳಲ್ಲಿ, 'ಐಪಿಯು' ಅಂತ ಹುಡುಕಿ, ಬಂದ ಸಾಲುಗಳನ್ನು ಇಲ್ಲಿ ಹಾಕಿ. ಬಯೋಸ್ (ಲ್ಯಾಪ್‌ಟಾಪ್ ಶುರುವಾಗುವಾಗಿನ ಸೆಟ್ಟಿಂಗ್) ಒಳಗೆ ಕ್ಯಾಮರಾ ಆಫ್ ಆಗಿದೆಯಾ ಅಂತಲೂ ಒಮ್ಮೆ ನೋಡಿಬಿಡಿ. ಕೆಲವು ಲ್ಯಾಪ್‌ಟಾಪ್‌ನಲ್ಲಿ ಮೇಲಿನ ಸಾಲಿನ ಒಂದು ಕೀ ಒತ್ತಿದರೆ ಕ್ಯಾಮರಾದ ಸಂಪರ್ಕವೇ ಕಡಿದುಹೋಗುತ್ತದೆ. ನಿಮ್ಮದು ಅದಲ್ಲ ಅನ್ಸುತ್ತೆ, ಆದರೂ ಒಂದು ನಿಮಿಷದ ಕೆಲಸ.

ಆರ್‌ಟಿನಗರ_ಬ್ಯಾಂಕು
ಶನಿವಾರ, ಬೆಳಿಗ್ಗೆ 9:20

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಹೀಗೇ ಒಂದು ವಾರ ಒದ್ದಾಡಿದವನು. ಕೊನೆಗೆ ಒಂದು ಯುಎಸ್‌ಬಿ ವೆಬ್‌ಕ್ಯಾಮ್ ತಂದು ಪರದೆಯ ಮೇಲೆ ಸಿಕ್ಕಿಸಿದೆ. ಚುಚ್ಚಿದ ಕೂಡಲೇ ಬಂತು. ಮನೆಯಲ್ಲಿ ಮಾತು ನಿಂತಿದೆ ಅಂದರೆ ಡ್ರೈವರ್‌ಗೆ, ಅಂದರೆ ಕ್ಯಾಮರಾ ನಡೆಸುವ ತಂತ್ರಾಂಶಕ್ಕೆ, ಕಾಯುತ್ತಾ ಕೂರುವುದು ಸರಿಯಲ್ಲ ಅಂತ ನನ್ನ ಅನಿಸಿಕೆ.

ಹನುಮಂತನಗರ_ಅಕ್ಕ
ಶನಿವಾರ, ಬೆಳಿಗ್ಗೆ 10:05

ಬೇಜಾರೇನಿಲ್ಲ ಸರ್. ಬೇರೆ ದಾರಿ ಇಲ್ಲದಿದ್ದರೆ ತರುತ್ತೇನೆ. ಆದರೆ ಹೊಸ ಲ್ಯಾಪ್‌ಟಾಪ್‌ನಲ್ಲಿ ಕ್ಯಾಮರಾ ಇದೆ, ಅದಕ್ಕೂ ದುಡ್ಡು ಕೊಟ್ಟಿದ್ದೇನೆ. ಯಾಕೆ ನಡೆಯುತ್ತಿಲ್ಲ ಅಂತ ತಿಳಿಯದೆ ಬಿಡೋದಕ್ಕೆ ಮನಸ್ಸಿಲ್ಲ.

ಎಲ್‌ಎಸ್‌ಯುಎಸ್‌ಬಿಯಲ್ಲಿ ಬ್ಲೂಟೂತ್ ಇದೆ, ಬೆರಳಚ್ಚಿನದು ಇದೆ, ಕ್ಯಾಮರಾ ಇಲ್ಲ. ಬಯೋಸ್‌ನಲ್ಲಿ ಆನ್ ಇದೆ. ಕರ್ನಲ್ 6.14. ಡಿಮೆಸೇಜ್‌ನಲ್ಲಿ 'ಐಎನ್‌ಟಿ3474 ಸೆನ್ಸರ್ ಸಿಕ್ಕಿತು' ಅನ್ನೋ ಅರ್ಥದ ಒಂದು ಸಾಲಿದೆ. ಸಿಕ್ಕಿದ ಮೇಲೂ ಯಾಕೆ ಕಪ್ಪು?

ಯಲಹಂಕ_ಕರ್ನಲ್
ಶನಿವಾರ, ಮಧ್ಯಾಹ್ನ 12:30

ಅಕ್ಕ, ಆ ಒಂದು ಸಾಲು ಹಾಕಿದ್ದು ತುಂಬಾ ಒಳ್ಳೆಯದಾಯ್ತು. ನಿಮ್ಮ ಕ್ಯಾಮರಾ ಕೆಟ್ಟಿಲ್ಲ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಇದೇ ಪ್ರಶ್ನೆ ಈಗ ಜಾಸ್ತಿ ಜನ ಕೇಳುತ್ತಿದ್ದಾರೆ.

ಲ್ಯಾಪ್‌ಟಾಪ್ ಕ್ಯಾಮರಾದಲ್ಲಿ ಎರಡು ಜಾತಿ. ಹಳೆಯ ಜಾತಿಯದು ಒಳಗೇ ಯುಎಸ್‌ಬಿಗೆ ಕೂಡಿಕೊಂಡಿರುತ್ತದೆ. ಅದರೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಬಣ್ಣ, ಬೆಳಕು ಎಲ್ಲ ಅದೇ ಸರಿಮಾಡಿ, ಮುಗಿದ ಚಿತ್ರವನ್ನು ಹೊರಗೆ ಕೊಡುತ್ತದೆ. ಕೊಡುವ ರೀತಿಗೆ ಯುವಿಸಿ ಅನ್ನೋ ಒಂದೇ ನಿಯಮ. ಹಾಗಾಗಿ ಕಂಪನಿ ಯಾವುದಾದರೂ ಲಿನಕ್ಸ್‌ನಲ್ಲಿ ಒಂದೇ ಡ್ರೈವರ್ ಸಾಕು. ಆ ಯುವಿಸಿವಿಡಿಯೊ ಡ್ರೈವರ್ ಬರೆದವರು ಲೊರಾಂ ಪ್ಯಾಂಶಾರ್. 2008ರಲ್ಲಿ 2.6.26 ಕರ್ನಲ್‌ಗೆ ಸೇರಿತು. ಅದಕ್ಕೂ ಮೊದಲು ಒಂದೊಂದು ಚಿಪ್‌ಗೆ ಒಂದೊಂದು ಡ್ರೈವರ್ ಬೇಕಿತ್ತು. ಫ್ರಾನ್ಸ್‌ನ ಒಬ್ಬ ವೈದ್ಯರು, ಮಿಶೆಲ್ ಕ್ಸಾರ್, ತಮ್ಮ ಬಿಡುವಿನಲ್ಲಿ ಇನ್ನೂರಕ್ಕೂ ಹೆಚ್ಚು ಮಾದರಿಗಳಿಗೆ ಡ್ರೈವರ್ ಬರೆದಿದ್ದರು. ಇವತ್ತು ವೆಬ್‌ಕ್ಯಾಮ್ ಚುಚ್ಚಿದರೆ ನಡೆಯುತ್ತದೆ ಅನ್ನೋ ಸುಖ ಇಂಥವರು ಕೊಟ್ಟದ್ದು. ನನಗೆ ಅವರ ಮೇಲೆ ಬಹಳ ಗೌರವ.

ನಿಮ್ಮದು ಹೊಸ ಜಾತಿ. ಪರದೆಯ ಮೇಲಿರುವುದು ಬರಿಯ ಸೆನ್ಸರ್. ಯುಎಸ್‌ಬಿ ಇಲ್ಲವೇ ಇಲ್ಲ, ಅದಕ್ಕೇ ಆ ಪಟ್ಟಿಯಲ್ಲಿ ಸಿಗಲಿಲ್ಲ. ಮಿಪಿ ಅನ್ನೋ ತಂತಿಗಳ ಮೂಲಕ ನೇರವಾಗಿ ಪ್ರೊಸೆಸರ್‌ಗೆ ಹೋಗುತ್ತದೆ. ಸೆನ್ಸರ್ ಕೊಡುವುದು ಚಿತ್ರವಲ್ಲ, ಚುಕ್ಕಿಗಳು. ಪ್ರತಿ ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಅಂಗಳದಲ್ಲಿ ಚುಕ್ಕಿ ಇಟ್ಟು ಎಳೆ ಎಳೆಯದ ರಂಗೋಲಿ ಇದ್ದ ಹಾಗೆ. ಪಕ್ಕದ ಚುಕ್ಕಿಗಳನ್ನು ನೋಡಿ ಉಳಿದ ಬಣ್ಣ ತುಂಬಬೇಕು, ಬೆಳಕು ಅಳೆದು ಹೊಂದಿಸಬೇಕು. ಆಮೇಲೆ ಅದು ಮುಖ. ನಿಮ್ಮ ಬ್ರೌಸರ್ ತೋರಿಸಿದ ಆ ಮೂವತ್ತು ಹೆಸರು ಚುಕ್ಕಿಗಳು ಬಂದು ಬೀಳುವ ಬಾಗಿಲುಗಳು. ಬ್ರೌಸರ್‌ಗೆ ಅವನ್ನು ಚಿತ್ರ ಮಾಡಲು ಬರುವುದಿಲ್ಲ.

ಐಪಿಯು6 ಅನ್ನುವುದು ಇಂಟೆಲ್ ಪ್ರೊಸೆಸರ್ ಒಳಗಿನ ಕ್ಯಾಮರಾ ಭಾಗ. ಅದರಲ್ಲಿ ಎರಡು ಅರ್ಧ. ಚುಕ್ಕಿ ಪಡೆಯುವ ಅರ್ಧಕ್ಕೆ ಮುಕ್ತ ಡ್ರೈವರ್ ಇದೆ, 2024ರ ಜುಲೈನಲ್ಲಿ ಬಂದ 6.10 ಕರ್ನಲ್‌ನಿಂದ. ಚಿತ್ರ ಮಾಡುವ ಅರ್ಧಕ್ಕೆ ಬೇಕಾದ ಲೈಬ್ರರಿಗಳನ್ನು ಮೂಲ ಕೋಡ್ ಇಲ್ಲದೆ, ಬರೀ ಬೈನರಿಯಾಗಿ ಕೊಟ್ಟಿದ್ದಾರೆ. ಓದಲಾಗದ, ತಿದ್ದಲಾಗದ ಕೋಡ್ ಅದು. ಹೊಸ ಕರ್ನಲ್ ಬಂದಾಗ ಮುರಿದರೆ ನಾವು ಕೈಕಟ್ಟಿ ಕೂರಬೇಕು.

ಅದಕ್ಕೆ ಮುಕ್ತ ತಂತ್ರಾಂಶದವರು ಬೇರೆ ದಾರಿ ಹಿಡಿದರು. ಆ ಅರ್ಧವನ್ನು ಮುಟ್ಟುವುದೇ ಬೇಡ, ಚುಕ್ಕಿಗೆ ಬಣ್ಣ ತುಂಬುವ ಕೆಲಸವನ್ನು ಪ್ರೊಸೆಸರ್‌ನಿಂದಲೇ ಮಾಡಿಸೋಣ ಅಂತ. ಲಿಬ್‌ಕ್ಯಾಮರಾ ಅನ್ನೋ ಯೋಜನೆ 2018ರಲ್ಲಿ ಶುರುವಾಗಿದ್ದು, ಅಲ್ಲೂ ಅದೇ ಪ್ಯಾಂಶಾರ್ ಮುಂದಿದ್ದಾರೆ. ಅದರ 0.3.0 ಆವೃತ್ತಿಯಲ್ಲಿ ಚುಕ್ಕಿಯಿಂದ ಚಿತ್ರ ಮಾಡುವ ಈ ಸಾಫ್ಟ್‌ವೇರ್ ಐಎಸ್‌ಪಿ ಬಂತು. ಹಾನ್ಸ್ ಡಿ ಗೂಡೆ ಮತ್ತು ಇನ್ನೂ ಕೆಲವರು ಸೇರಿ ಮಾಡಿದ ಕೆಲಸ. ಫೆಡೋರಾ ಅನ್ನೋ ಇನ್ನೊಂದು ಲಿನಕ್ಸ್‌ನಲ್ಲಿ 41ನೇ ಆವೃತ್ತಿಯಿಂದ ಇದು ಜೊತೆಯಲ್ಲೇ ಬರುತ್ತದೆ.

ನಿಮ್ಮಲ್ಲಿ ಆಗಿರುವುದು ಇಷ್ಟು. ಉಬುಂಟು 24.04ರಲ್ಲಿ ಕರ್ನಲ್ ಹೊಸದಾಯ್ತು, ಲಿಬ್‌ಕ್ಯಾಮರಾ 0.2.0ರಲ್ಲೇ ಉಳಿಯಿತು. ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ. ಈಗಿರುವುದನ್ನು ಅಳಿಸಬೇಡಿ. ಫೆಡೋರಾ 42 ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ಅಲ್ಲಿನ ಕ್ಯಾಮರಾ ಆ್ಯಪ್ ತೆರೆದು ನೋಡಿ.

ಎಸ್‌ಪಿರೋಡ್_ರಿಪೇರಿ
ಶನಿವಾರ, ಸಂಜೆ 4:15

ಯಲಹಂಕದವರು ಹೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹದಿನಾಲ್ಕು ವರ್ಷದಿಂದ ಲ್ಯಾಪ್‌ಟಾಪ್ ಬಿಚ್ಚುತ್ತಿದ್ದೇನೆ. ಹಳೆ ಕ್ಯಾಮರಾ ಅಂದರೆ ಬೆರಳುದ್ದದ ಒಂದು ಪಟ್ಟಿ. ಅದಕ್ಕೆ ಮುಖ್ಯವಾಗಿ ನಾಲ್ಕು ತಂತಿ: ಒಂದು ಕರೆಂಟ್, ಒಂದು ಗ್ರೌಂಡ್, ಎರಡು ಡೇಟಾ. ಕೆಟ್ಟರೆ ಬೇರೆ ಪಟ್ಟಿ ಹಾಕಬಹುದು. ಹೊಸದರಲ್ಲಿ ಕೂದಲಿನಂಥ ಬಹಳ ತಂತಿ, ಆ ಮಾದರಿಗೆ ಅದೇ ಆಗಬೇಕು.

ಹಳೆ ಲ್ಯಾಪ್‌ಟಾಪ್‌ಗೆ ಒಂದು ಪರೀಕ್ಷೆ ಹೇಳುತ್ತೇನೆ ಮೇಡಂ. ವಿಡಿಯೊ ಓಡುತ್ತಿರುವಾಗ ಪರದೆಯನ್ನು ನಿಧಾನ ಹಿಂದೆ ಮುಂದೆ ಮಾಡಿ. ಒಂದು ಕೋನದಲ್ಲಿ ಮಾತ್ರ ಚಿತ್ರ ಹೋದರೆ ಹಿಂಜ್ ಹತ್ತಿರ ತಂತಿ ಸವೆದಿದೆ. ಯಾವ ಡ್ರೈವರ್ ಹಾಕಿದರೂ ಸರಿಯಾಗಲ್ಲ.

ನಮ್ಮಲ್ಲಿ ಬರುವ ಹುಡುಗರಿಗೆ ಒಂದು ಮಾತು. ಲಿನಕ್ಸ್ ಹಾಕುವವರಾದರೆ ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಬನ್ನಿ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಬೂಟ್ ಮಾಡಿ ಕ್ಯಾಮರಾ ನೋಡಿ. ನೋಡೋಕೆ ಬಿಡಲ್ಲ ಅನ್ನುವ ಅಂಗಡಿಯಲ್ಲಿ ತಗೊಳ್ಳಬೇಡಿ.

ವಿಜಯನಗರ_ಟರ್ಮಿನಲ್
ಶನಿವಾರ, ಸಂಜೆ 6:00

ತಂತಿ ಸರಿ ಇದ್ದರೆ ಹಳೆಯದಕ್ಕೆ ಇದನ್ನು ಓದಿ ಅಕ್ಕ. ಲೆಕ್ಕ ಸ್ವಲ್ಪ ಇದೆ, ಆದರೆ ಕಾರಣ ಅದರಲ್ಲೇ ಇದೆ.

ಕ್ಯಾಮರಾ ಚಿತ್ರವನ್ನು ಎರಡು ರೀತಿ ಕಳಿಸುತ್ತದೆ. ಕುಗ್ಗಿಸದೆ ಕಳಿಸುವುದು ವೈಯುವೈವಿ. ಕುಗ್ಗಿಸಿ ಕಳಿಸುವುದು ಎಂಜೆಪೆಗ್. 1280ಕ್ಕೆ 720 ಅಳತೆಯ ಒಂದು ಚಿತ್ರ ಕುಗ್ಗಿಸದೆ ಇದ್ದರೆ 18.4 ಲಕ್ಷ ಬೈಟ್. ಸೆಕೆಂಡಿಗೆ 30 ಅಂದರೆ 5.5 ಕೋಟಿ ಬೈಟ್. ಯುಎಸ್‌ಬಿ 2ರಲ್ಲಿ ಕ್ಯಾಮರಾಕ್ಕೆ ಮೀಸಲಿಡಬಹುದಾದ ದಾರಿ ಸೆಕೆಂಡಿಗೆ ಸುಮಾರು 2.46 ಕೋಟಿ ಬೈಟ್ ಮಾತ್ರ. ಹಾಗಾಗಿ ಕ್ಯಾಮರಾಗಳು ಆ ಅಳತೆಗೆ ಸಾಮಾನ್ಯವಾಗಿ 10 ಚಿತ್ರ ಅಂತ ಇಟ್ಟಿರುತ್ತವೆ. ಸುಮ್ನೆ ಕೂತು ಮಾತಾಡುವವರಿಗೆ 10 ಸಾಕು. ನಿಮ್ಮ ಸನ್ನೆಗೆ ಸಾಲದು. ಬೆರಳು ಮಡಚಿ ಬಿಡುವಷ್ಟರಲ್ಲಿ ಬರೀ ಎರಡು ಚಿತ್ರ ಹೋಗಿರುತ್ತದೆ.

ಕಾಲ್ ಸೆಟ್ಟಿಂಗ್‌ನಲ್ಲಿ ಅಳತೆಯನ್ನು 640ಕ್ಕೆ 480 ಮಾಡಿ. ಆಗ ಕುಗ್ಗಿಸದಿದ್ದರೂ 30 ಚಿತ್ರ ಹಿಡಿಸುತ್ತದೆ. ಚಿತ್ರ ಸ್ವಲ್ಪ ಚಿಕ್ಕದು, ಆದರೆ ಕೈ ಹರಿಯುತ್ತದೆ. ಜಿಯುವಿಸಿವ್ಯೂ ಅನ್ನೋ ಆ್ಯಪ್ ಹಾಕಿಕೊಂಡರೆ ಎರಡು ರೀತಿಯನ್ನೂ ಬದಲಿಸಿ ನೋಡಬಹುದು, ಸೆಕೆಂಡಿಗೆ ಎಷ್ಟು ಚಿತ್ರ ಅಂತಲೂ ತೋರಿಸುತ್ತದೆ. ಅದನ್ನು ಮುಚ್ಚಿದ ಮೇಲೆ ಕಾಲ್ ಮಾಡಿ, ಒಂದೇ ಸಲ ಇಬ್ಬರಿಗೆ ಕ್ಯಾಮರಾ ಸಿಗಲ್ಲ.

ಇನ್ನೊಂದು. ರಾತ್ರಿ ಹೊತ್ತು ಕಾಲ್ ಮಾಡ್ತೀರಾ? ಬೆಳಕು ಕಡಿಮೆಯಾದರೆ ಕ್ಯಾಮರಾ ತಾನಾಗಿಯೇ ಚಿತ್ರಗಳ ಸಂಖ್ಯೆ ಇಳಿಸುತ್ತದೆ, ಒಂದೊಂದಕ್ಕೂ ಹೆಚ್ಚು ಬೆಳಕು ಸಿಗಲಿ ಅಂತ. ಆ ಆ್ಯಪ್‌ನ ಕಂಟ್ರೋಲ್‌ಗಳಲ್ಲಿ 'ಎಕ್ಸ್‌ಪೋಷರ್, ಡೈನಾಮಿಕ್ ಫ್ರೇಮ್‌ರೇಟ್' ಅಂತ ಇದ್ದರೆ ಗುರುತು ತೆಗೆದುಬಿಡಿ. 'ಪವರ್ ಲೈನ್ ಫ್ರೀಕ್ವೆನ್ಸಿ' 60 ಅಂತಿದ್ದರೆ 50 ಮಾಡಿ. ನಮ್ಮ ಕರೆಂಟ್ 50 ಹರ್ಟ್ಸ್. 60ರಲ್ಲಿದ್ದರೆ ಟ್ಯೂಬ್‌ಲೈಟ್ ಕೆಳಗೆ ಚಿತ್ರದ ಮೇಲೆ ಪಟ್ಟೆ ಓಡುತ್ತದೆ.

ಮಲ್ಲೇಶ್ವರ_ಮೇಷ್ಟ್ರು
ಶನಿವಾರ, ರಾತ್ರಿ 9:30

ಎಲ್ಲ ಓದಿದೆ, ಸಂತೋಷವಾಯ್ತು. ನನ್ನದೊಂದು ಹಳೆ ಅನುಭವ ಹೇಳುತ್ತೇನೆ. ನಮ್ಮ ಶಾಲೆಗೆ ಯಾರೋ ಪುಣ್ಯಾತ್ಮರು ಬಳಸಿದ ಲ್ಯಾಪ್‌ಟಾಪ್‌ಗಳನ್ನು ಕೊಟ್ಟಿದ್ದರು. ಲಿನಕ್ಸ್ ಹಾಕಿ ಕ್ಯಾಮರಾ ತೆರೆದರೆ ಮಕ್ಕಳೆಲ್ಲ ತಲೆಕೆಳಗು. ಕಾರ್ಖಾನೆಯಲ್ಲೇ ಸೆನ್ಸರನ್ನು ತಿರುಗಿಸಿ ಕೂರಿಸಿದ್ದರಂತೆ. ವಿಂಡೋಸ್ ಡ್ರೈವರ್ ಅದನ್ನು ತಿರುಗಿಸಿ ತೋರಿಸುತ್ತಿತ್ತು. ಲಿನಕ್ಸ್‌ಗೆ ಅದು ಗೊತ್ತಾಗುವುದು ಹೇಗೆ?

ಆಗ ತಿಳಿಯಿತು, ಕ್ಯಾಮರಾದ ಚಿತ್ರವನ್ನು ಆ್ಯಪ್‌ಗಳಿಗೆ ಹೊಂದಿಸಿಕೊಡುವ ಲಿಬ್‌ವಿ4ಎಲ್ ಲೈಬ್ರರಿಯೊಳಗೆ ಒಂದು ಪಟ್ಟಿ ಇದೆ. ಇಂಥ ಕಂಪನಿಯ ಇಂಥ ಮಾದರಿಯಲ್ಲಿ ಕ್ಯಾಮರಾ ತಲೆಕೆಳಗಿದೆ, ತಿರುಗಿಸು ಅಂತ. ಒಂದೊಂದು ಸಾಲೂ ಯಾರೋ ಒಬ್ಬರ ಮನೆಯ ಲ್ಯಾಪ್‌ಟಾಪ್. ಅವರು ಮಾದರಿಯ ಹೆಸರು ಬರೆದು ಕಳಿಸಿದ್ದಕ್ಕೆ ಅದೇ ಮಾದರಿ ಇರುವ ಉಳಿದವರಿಗೆಲ್ಲ ನೆಟ್ಟಗೆ ಕಾಣಿಸಿತು. ನಮ್ಮ ಮಾದರಿ ಪಟ್ಟಿಯಲ್ಲಿ ಇರಲಿಲ್ಲ. ನಾನು ಸೆಟ್ಟಿಂಗ್ ಬದಲಿಸಿ ನಮ್ಮ ಶಾಲೆಯ ಮಟ್ಟಿಗೆ ಸರಿ ಮಾಡಿಕೊಂಡೆ, ಬರೆದು ಕಳಿಸಲಿಲ್ಲ. ಅದು ತಪ್ಪು ಅಂತ ಈಗಲೂ ಅನಿಸುತ್ತದೆ. ಇನ್ನೆಷ್ಟು ಶಾಲೆಯಲ್ಲಿ ಆ ಲ್ಯಾಪ್‌ಟಾಪ್ ಇತ್ತೋ.

ಹಾಗಾಗಿ ಅಕ್ಕ, ನಿಮ್ಮದು ಸರಿಯಾದರೂ, ಆಗದಿದ್ದರೂ, ಆ ಲಿಬ್‌ಕ್ಯಾಮರಾ ಯೋಜನೆಯವರಿಗೆ ಬರೆಯಿರಿ.

ಜೆಪಿನಗರ_ವಿದ್ಯಾರ್ಥಿನಿ
ಭಾನುವಾರ, ಬೆಳಿಗ್ಗೆ 7:50

ನನ್ನದೂ ಐಪಿಯು6 ಲ್ಯಾಪ್‌ಟಾಪ್. ಫೆಡೋರಾ 42 ಇದೆ, ಆದರೂ ಕ್ಯಾಮರಾ ಇಲ್ಲ. ಅಕ್ಕನಿಗೆ ಬಂದ 'ಸೆನ್ಸರ್ ಸಿಕ್ಕಿತು' ಸಾಲು ನನಗೆ ಬರುವುದೇ ಇಲ್ಲ. ಸೆನ್ಸರ್ ಹೆಸರು ಹುಡುಕಿದೆ, ಅದಕ್ಕೆ ಕರ್ನಲ್‌ನಲ್ಲಿ ಡ್ರೈವರ್ ಇದೆ. ಹಾಗಿದ್ದರೆ ಎಲ್ಲಿ ತಪ್ಪಿದೆ ಸರ್?

ಯಲಹಂಕ_ಕರ್ನಲ್
ಭಾನುವಾರ, ಬೆಳಿಗ್ಗೆ 9:10

ಚೆನ್ನಾಗಿ ಹುಡುಕಿದ್ದೀಯಮ್ಮ. ಕರ್ನಲ್ ಕೋಡ್‌ನಲ್ಲಿ ಐಪಿಯು ಬ್ರಿಡ್ಜ್ ಅನ್ನೋ ಒಂದು ಫೈಲ್ ಇದೆ. ಕಂಪನಿಗಳು ಬಯೋಸ್‌ನಲ್ಲಿ ಕ್ಯಾಮರಾದ ವಿವರ ಬರೆಯುವುದು ವಿಂಡೋಸ್‌ಗೆ ಬೇಕಾದ ಹಾಗೆ. ಅದನ್ನು ಲಿನಕ್ಸ್‌ಗೆ ಅರ್ಥವಾಗುವ ಹಾಗೆ ಮಾಡುವುದು ಈ ಫೈಲಿನ ಕೆಲಸ. ಅದರಲ್ಲೂ ಒಂದು ಪಟ್ಟಿ. ಒಂದು ಸಾಲಿನಲ್ಲಿ ಸೆನ್ಸರ್‌ನ ಗುರುತು, ಅದರ ವೇಗ, ಅಷ್ಟೇ. ಅಕ್ಕನ ಐಎನ್‌ಟಿ3474 ಅಲ್ಲಿದೆ, ಅದು ಓವಿ2740 ಸೆನ್ಸರ್. ನಿನ್ನದರ ಗುರುತು ಅಲ್ಲಿ ಇಲ್ಲದಿದ್ದರೆ ಡ್ರೈವರ್ ಇದ್ದೂ ಅದನ್ನು ಯಾರೂ ಎಬ್ಬಿಸುವುದಿಲ್ಲ.

ಆ ಒಂದು ಸಾಲು ನೀನೇ ಸೇರಿಸು. ಬದಲಿಸಿದ ಕೋಡ್‌ನಿಂದ ಕರ್ನಲ್ ಕಟ್ಟುವುದನ್ನು ನಾನು ಜೊತೆಗೆ ಕೂತು ತೋರಿಸುತ್ತೇನೆ. ಇನ್ನೊಂದು ಚಿಪ್ ಇದೆ, ಐಎನ್‌ಟಿ3472, ಸೆನ್ಸರ್‌ಗೆ ಕರೆಂಟ್ ಕೊಡುವುದು, ಪಕ್ಕದ ಪುಟ್ಟ ದೀಪ ಹಚ್ಚುವುದು ಅದರ ಕೆಲಸ. ಕೆಲವೊಮ್ಮೆ ತೊಡಕು ಅಲ್ಲಿರುತ್ತದೆ. ನೋಡೋಣ. ಚಿತ್ರ ಬಂದರೆ ಆ ಬದಲಾವಣೆಯನ್ನು ಪ್ಯಾಚ್ ಮಾಡಿ ಕರ್ನಲ್ ಮೀಡಿಯಾ ತಂಡಕ್ಕೆ ನಿನ್ನ ಹೆಸರಿನಲ್ಲೇ ಕಳಿಸು. ಸಂಜೆ 4ಕ್ಕೆ ಗಾಂಧಿ ಬಜಾರಿಗೆ ಬರುತ್ತೇನೆ, ಲ್ಯಾಪ್‌ಟಾಪ್ ತಾ. ಅಕ್ಕ, ಹನುಮಂತನಗರದಿಂದ ಹತ್ತಿರ ಅಲ್ವಾ, ನೀವೂ ಬನ್ನಿ. ಫೆಡೋರಾ ಹಾಕಿದ ಪೆನ್‌ಡ್ರೈವ್ ನಾನೇ ತರುತ್ತೇನೆ.

ಆರ್‌ಟಿನಗರ_ಬ್ಯಾಂಕು
ಭಾನುವಾರ, ಬೆಳಿಗ್ಗೆ 10:00

ನಾನು ವೆಬ್‌ಕ್ಯಾಮ್ ಅಂದಿದ್ದಕ್ಕೆ ಈಗಲೂ ಬದ್ಧ, ನಾಳೆಯೇ ಮಾತಾಡಬೇಕು ಅನ್ನುವವರಿಗೆ ಅದೇ ದಾರಿ. ಆದರೆ ಮೇಷ್ಟ್ರು ಹೇಳಿದ್ದು ಮನಸ್ಸಿಗೆ ನಾಟಿತು. ನನ್ನ ಲ್ಯಾಪ್‌ಟಾಪ್‌ನ ಡಿಮೆಸೇಜ್ ತೆಗೆದಿಟ್ಟಿದ್ದೇನೆ. ಎಲ್ಲಿಗೆ ಕಳಿಸಬೇಕು ಹೇಳಿ, ಕಳಿಸುತ್ತೇನೆ.

ಹನುಮಂತನಗರ_ಅಕ್ಕ
ಭಾನುವಾರ, ರಾತ್ರಿ 10:40

ಈಗಷ್ಟೇ ಕಾಲ್ ಮುಗಿಯಿತು. ನಿದ್ದೆಗೆ ಮೊದಲು ಬರೆದುಬಿಡುತ್ತೇನೆ.

ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತಾ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆವು. ಹೊಸ ಲ್ಯಾಪ್‌ಟಾಪ್‌ನಲ್ಲಿ ಮೊದಲ ಸಲ ನನ್ನ ಮುಖ ಕಾಣಿಸಿತು. ಪಕ್ಕದ ದೀಪವೂ ಹತ್ತಿತು. ಬಣ್ಣ ಇನ್ನೂ ಸರಿಯಿಲ್ಲ, ಮುಖಕ್ಕೆ ಸ್ವಲ್ಪ ಹಸಿರು. ಹತ್ತು ನಿಮಿಷಕ್ಕೆ ಫ್ಯಾನ್ ಜೋರಾಗಿ ತಿರುಗಿತು, ಬಣ್ಣ ತುಂಬುವ ಕೆಲಸ ಪ್ರೊಸೆಸರ್ ಮಾಡುತ್ತಿದೆಯಲ್ಲ. ಅದನ್ನು ಗ್ರಾಫಿಕ್ಸ್ ಚಿಪ್‌ನಿಂದ ಮಾಡಿಸುವ ಕೆಲಸವೂ ನಡೆದಿದೆಯಂತೆ. ಫೈರ್‌ಫಾಕ್ಸ್‌ನಲ್ಲಿ ಮೂವತ್ತು ಹೆಸರಿನ ಬದಲು ಒಂದೇ ಕ್ಯಾಮರಾ ಬಂತು. ಜೆಪಿನಗರದ ಹುಡುಗಿಯ ಕರ್ನಲ್ ಇನ್ನೂ ಕಟ್ಟುತ್ತಲೇ ಇತ್ತು, ನಾನು ಹೊರಟೆ.

ಮನೆಗೆ ಬಂದು ಹಳೆಯದನ್ನು ಕೂತು ಮಾಡಿದೆ. ಪರದೆ ಅಲ್ಲಾಡಿಸಿ ನೋಡಿದೆ, ತಂತಿ ಸರಿ ಇದೆ. ಡೈನಾಮಿಕ್ ಫ್ರೇಮ್‌ರೇಟ್ ಗುರುತು ಇತ್ತು, ತೆಗೆದೆ. 60 ಇದ್ದದ್ದನ್ನು 50 ಮಾಡಿದೆ. ಅಳತೆ ಇಳಿಸಿದೆ. 9ರ ಆಸುಪಾಸು ಇದ್ದ ಸಂಖ್ಯೆ 30ಕ್ಕೆ ಬಂದು ನಿಂತಿತು. ಚಿತ್ರ ಸ್ವಲ್ಪ ಕಪ್ಪಾಯಿತು, ಅದಕ್ಕೆ ದೇವರ ಮನೆಯ ಬಲ್ಬ್ ಬಿಚ್ಚಿ ಇಲ್ಲಿ ಹಾಕಿದೆ.

ಕಾಲ್ ಮಾಡಿದ ಕೂಡಲೇ ತಮ್ಮ ಮೊದಲು ಕೇಳಿದ್ದು 'ಅಮ್ಮನ ಬೆರಳಿಗೆ ಏನಾಯ್ತು?' ಅಂತ. ಗುರುವಾರ ತೆಂಗಿನಕಾಯಿ ತುರಿಯುವಾಗ ಕುಯ್ದುಕೊಂಡು ಪಟ್ಟಿ ಹಾಕಿಕೊಂಡಿದ್ದರು. ಮೂರು ದಿನದಿಂದ ಫೋನಿನಲ್ಲಿ ಅವನಿಗೆ ಅದು ಕಾಣಿಸಿಯೇ ಇರಲಿಲ್ಲ. ಅಮ್ಮ ಎರಡೂ ಕೈ ಎತ್ತಿ ಅರ್ಧ ಗಂಟೆ ಮಾತಾಡಿದರು. 'ಇನ್ನೊಮ್ಮೆ' ಅಂತ ಅವನು ಒಂದು ಸಲವೂ ಕೇಳಲಿಲ್ಲ.

ವಿಜಯನಗರ_ಟರ್ಮಿನಲ್
ಭಾನುವಾರ, ರಾತ್ರಿ 11:05

ಓದಿ ಕಣ್ಣು ತುಂಬಿತು ಅಕ್ಕ. ರೀಬೂಟ್ ಆದರೆ ಆ ಎರಡು ಕಂಟ್ರೋಲ್ ಹಳೆ ಜಾಗಕ್ಕೆ ಹೋಗಬಹುದು. ಪ್ರತಿ ಸಲ ತಾನಾಗಿಯೇ ಕೂರುವ ಹಾಗೆ ಒಂದು ಯುಡೆವ್ ನಿಯಮ ಬರೆದುಕೊಡುತ್ತೇನೆ. ಎಲ್‌ಎಸ್‌ಯುಎಸ್‌ಬಿಯಲ್ಲಿ ಆ ಕ್ಯಾಮರಾದ ಎದುರಿಗಿರುವ ಗುರುತಿನ ಸಂಖ್ಯೆ ಕಳಿಸಿ.

ಜೆಪಿನಗರ_ವಿದ್ಯಾರ್ಥಿನಿ
ಸೋಮವಾರ, ಬೆಳಗಿನ ಜಾವ 1:20

ಒಂದು ಸಾಲು ಸೇರಿಸಿದೆ, ಸೆನ್ಸರ್ ಸಿಕ್ಕಿತು, ಚಿತ್ರ ಬಂತು. ತಲೆಕೆಳಗಾಗಿ ಬಂತು! ಮೇಷ್ಟ್ರೇ, ನಿಮ್ಮ ಮಾತು ನೆನಪಾಯ್ತು. ಮಾದರಿಯ ಹೆಸರನ್ನೂ ಬರೆದಿಟ್ಟುಕೊಂಡಿದ್ದೇನೆ. ನಾಳೆ ಯಲಹಂಕದ ಸರ್‌ಗೆ ತೋರಿಸಿ ಎರಡನ್ನೂ ಕಳಿಸುತ್ತೇನೆ.

ಹನುಮಂತನಗರ_ಅಕ್ಕ
ಗುರುವಾರ, ಮಧ್ಯಾಹ್ನ 1:15

ಹಸಿರು ಬಣ್ಣದ ಬಗ್ಗೆ ಲಿಬ್‌ಕ್ಯಾಮರಾದವರಿಗೆ ಸೋಮವಾರ ಬರೆದಿದ್ದೆ. ಲ್ಯಾಪ್‌ಟಾಪ್ ಮಾದರಿ, ಸೆನ್ಸರ್, ಕರ್ನಲ್ ಆವೃತ್ತಿ, ಡಿಮೆಸೇಜ್ ಎಲ್ಲ ಹಾಕಿ. ಇಂಗ್ಲಿಷ್ ತಿದ್ದಿಕೊಟ್ಟದ್ದು ಮಲ್ಲೇಶ್ವರದ ಮೇಷ್ಟ್ರು. ಇವತ್ತು ಉತ್ತರ ಬಂದಿದೆ. ಬಿಳಿ ಗೋಡೆಯ ಮುಂದೆ, ಹಗಲು ಬೆಳಕಿನಲ್ಲಿ ಒಂದು, ಟ್ಯೂಬ್‌ಲೈಟ್ ಕೆಳಗೆ ಒಂದು, ಬಣ್ಣ ತುಂಬದ ಕಚ್ಚಾ ಚಿತ್ರ ಬೇಕಂತೆ. ಹಗಲಿನದು ತೆಗೆದಾಯ್ತು. ಇನ್ನೊಂದನ್ನು ದೀಪ ಹಚ್ಚಿದ ಮೇಲೆ ತೆಗೆದು ಈ ರಾತ್ರಿಯೇ ಕಳಿಸುತ್ತೇನೆ. ಕಚ್ಚಾ ಚಿತ್ರ ಉಳಿಸುವ ಕಮಾಂಡ್ ಇನ್ನೊಮ್ಮೆ ಬರೆಯಿರಿ ಯಲಹಂಕದವರೇ, ಚೀಟಿ ಎಲ್ಲೋ ಇಟ್ಟುಬಿಟ್ಟಿದ್ದೇನೆ.